ನಾವು ಆರಿಸದ ವಾಕ್ಯ



ಆಗಮನಕಾಲ ಆರಂಭವಾಗಿದೆ. ನಾಲ್ಕು ಭಾನುವಾರ ಎಂದು ನಾವು ಎಣಿಸುತ್ತೇವೆ. ದಿನಗಳ ಲೆಕ್ಕದಲ್ಲಿ ಅದು ವರ್ಷಕ್ಕೆ ತಕ್ಕಂತೆ 22ರಿಂದ 28 ದಿನ. ಆ ಪ್ರತಿಯೊಂದು ದಿನಕ್ಕೂ ಧರ್ಮಸಭೆ ವಾಚನಗಳನ್ನು ನೇಮಿಸಿದೆ. ಎಂದಿನಂತೆ ಪತ್ರಿಕೆಯ ಕೊನೆಯ ಪುಟದಲ್ಲಿ ಅದರ ಪಟ್ಟಿ ಇದೆ. ಕತ್ತರಿಸಿ ಗೋಡೆಗೆ ಅಂಟಿಸಿಕೊಂಡವರೂ ಇದ್ದಾರೆ, ಕಣ್ಣು ಹಾಯಿಸಿ ಪುಟ ಮಡಚಿದವರೂ ಇದ್ದಾರೆ.

ನಮ್ಮ ಯುವಕೂಟದಲ್ಲಿ ಈ ಪಟ್ಟಿಯ ಮಾತು ಬಂದಾಗ ಒಬ್ಬ ತಂಗಿ ನೇರವಾಗಿ ಕೇಳಿದಳು: "ಅಣ್ಣಾ, ಬೇಜಾರಾದಾಗ ನಾನೇ ಒಂದು ವಾಕ್ಯ ಹುಡುಕಿ ಓದ್ತೀನಿ, ಸಮಾಧಾನ ಆಗುತ್ತೆ. ಪಟ್ಟಿಯಲ್ಲಿ ಯಾವತ್ತು ಏನು ಬರುತ್ತೋ ಗೊತ್ತಿಲ್ಲ. ನನಗೆ ಸಂಬಂಧವೇ ಇಲ್ಲದ್ದನ್ನ ಓದಿ ಏನು ಪ್ರಯೋಜನ?"

ಇದು ಸೋಮಾರಿತನದ ಪ್ರಶ್ನೆಯಲ್ಲ. ದೇವರ ವಾಕ್ಯವನ್ನು ನಿಜವಾಗಿ ಓದುವವಳೇ ಹೀಗೆ ಕೇಳಬಲ್ಲಳು. ದೇವರು ನನ್ನೊಡನೆ ಮಾತನಾಡುವುದಾದರೆ ಆ ಮಾತನ್ನು ನಾನು ಆರಿಸಿಕೊಳ್ಳಬೇಕೋ, ಕೊಟ್ಟದ್ದನ್ನು ಕೇಳಬೇಕೋ? ನಾನು ಗುರುಗಳಲ್ಲ, ದೈವಶಾಸ್ತ್ರ ಓದಿದವನೂ ಅಲ್ಲ, ಬಿ.ಎಸ್‌ಸಿ. ಮುಗಿಸಿದ ಒಬ್ಬ ಹುಡುಗ. ಆದರೂ ಈ ಪ್ರಶ್ನೆಯನ್ನು ಸುಮ್ಮನೆ ಬಿಡಲು ಮನಸ್ಸಾಗಲಿಲ್ಲ. ತಪ್ಪಿದ್ದರೆ ಹಿರಿಯರು ತಿದ್ದಬೇಕು.

ಮೊದಲು ಒಂದು ಮಾತು ಒಪ್ಪಿಕೊಳ್ಳೋಣ. ಕಷ್ಟ ಬಂದಾಗ ನಮಗೆ ಬೇಕಾದ ವಾಕ್ಯವನ್ನು ಹುಡುಕುವುದು ತಪ್ಪಲ್ಲ. ಆಸ್ಪತ್ರೆಯಲ್ಲಿ ಮಲಗಿದವರ ಪಕ್ಕದಲ್ಲಿ ಕುಳಿತು 23ನೆಯ ಕೀರ್ತನೆ ಓದುವವರನ್ನು ಯಾರೂ ತಡೆಯಬಾರದು. ಬಾಯಾರಿದವನು ನೀರಿರುವ ಕಡೆಗೇ ಹೋಗುತ್ತಾನೆ. ತೊಂದರೆ ಶುರುವಾಗುವುದು ಆರಿಸಿಕೊಂಡ ವಾಕ್ಯಗಳನ್ನು ಮಾತ್ರ ಓದುವ ಅಭ್ಯಾಸವಾದಾಗ.

ಒಂದು ಉದಾಹರಣೆ ನೋಡಿ. ಯೆರೆಮೀಯನ ಗ್ರಂಥದ 29ನೆಯ ಅಧ್ಯಾಯದ 11ನೆಯ ವಚನ ನಮಗೆಲ್ಲ ಗೊತ್ತು. ದೇವರು ನಮ್ಮ ಬಗ್ಗೆ ಒಳ್ಳೆಯ ಯೋಜನೆಗಳನ್ನೇ ಇಟ್ಟುಕೊಂಡಿದ್ದಾರೆ, ನಮಗೆ ಭವಿಷ್ಯವಿದೆ ಎಂಬ ಅರ್ಥದ ಮಾತು ಅದು. ಹೂವಿನ ಚಿತ್ರದ ಮೇಲೆ ಬರೆದು ವಾಟ್ಸಾಪ್‌ನಲ್ಲಿ ಬೆಳಗ್ಗೆ ಬೆಳಗ್ಗೆ ಕಳುಹಿಸುತ್ತಾರೆ. ಪರೀಕ್ಷೆಗೆ, ಇಂಟರ್‌ವ್ಯೂಗೆ, ಮದುವೆಗೆ ಎಲ್ಲದಕ್ಕೂ ಅದೇ. ಆದರೆ ಅದಕ್ಕಿಂತ ಮುಂಚಿನ ವಚನವನ್ನು ಯಾರೂ ಕಳುಹಿಸಿದ್ದನ್ನು ನಾನು ಕಂಡಿಲ್ಲ. ಆ ಒಳ್ಳೆಯ ಕಾಲ ಬರುವುದು ಬಾಬಿಲೋನಿನಲ್ಲಿ 70 ವರ್ಷ ಕಳೆದ ಮೇಲೆ ಎಂದು 10ನೆಯ ವಚನ ಹೇಳುತ್ತದೆ. ಅಂದರೆ ಆ ಕಾಗದವನ್ನು ಕೇಳಿದ ದೊಡ್ಡವರಲ್ಲಿ ಹೆಚ್ಚಿನವರು ಮರಳಿ ಊರು ನೋಡುವ ಹಾಗಿರಲಿಲ್ಲ. ಇನ್ನೂ ಸ್ವಲ್ಪ ಹಿಂದಕ್ಕೆ ಹೋದರೆ ಪ್ರವಾದಿ ಅವರಿಗೆ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ನೀವು ಇರುವ ಆ ಪರರ ಪಟ್ಟಣದ ಒಳಿತಿಗಾಗಿ ಪ್ರಾರ್ಥಿಸಿ ಎನ್ನುತ್ತಾನೆ.

ತಲೆಮಾರುಗಳಿಂದ ತಮಿಳು ನಾಡಿನಲ್ಲಿ ಕನ್ನಡ ಮಾತನಾಡಿಕೊಂಡು ಬದುಕುತ್ತಿರುವ ಹೊಸೂರು ಕಡೆಯ ನಮಗೆ ಆ ಮಾತು ಎಷ್ಟು ಹತ್ತಿರದ್ದು! ನಮ್ಮನ್ನು ಯಾರೂ ಸೆರೆ ಹಿಡಿದು ತಂದಿಲ್ಲ, ಇದು ನಮ್ಮದೇ ನೆಲ. ಆದರೂ ಬೇರೆ ಭಾಷೆಯ ನೆರೆಯವರ ಜೊತೆ ಒಂದೇ ಊರಿನ ಒಳಿತನ್ನು ಬಯಸುವುದು ನಮಗೆ ದಿನನಿತ್ಯದ ಕೆಲಸ. 11ನೆಯ ವಚನವನ್ನು ಮಾತ್ರ ಕಿತ್ತುಕೊಂಡರೆ ಸಮಾಧಾನ ಸಿಗುತ್ತದೆ. ಕಾಯುವುದು ಹೇಗೆ, ಕಾಯುವಾಗ ನೆರೆಯವರೊಡನೆ ಬಾಳುವುದು ಹೇಗೆ ಎಂಬ ಪಾಠ ಕೈ ತಪ್ಪುತ್ತದೆ. ಕಾಯುವುದೇ ಆಗಮನಕಾಲದ ಕೆಲಸವಲ್ಲವೇ?

ಇದಕ್ಕಿಂತ ಗಟ್ಟಿಯಾದ ಎಚ್ಚರಿಕೆ ಶುಭಸಂದೇಶದಲ್ಲೇ ಇದೆ. ಮರುಭೂಮಿಯಲ್ಲಿ ಯೇಸುಸ್ವಾಮಿಯನ್ನು ಶೋಧಿಸಿದ ಸೈತಾನ ಬೈಬಲ್ ಅರಿಯದವನಲ್ಲ. ದೇವಾಲಯದ ಶಿಖರದಿಂದ ಕೆಳಕ್ಕೆ ಧುಮುಕು ಎನ್ನುವಾಗ ಅವನು 91ನೆಯ ಕೀರ್ತನೆಯನ್ನೇ ಎತ್ತಿ ಹೇಳುತ್ತಾನೆ. ದೇವದೂತರು ಕಾಪಾಡುತ್ತಾರೆ ಎಂಬ, ಕಷ್ಟದಲ್ಲಿರುವವರಿಗೆ ತುಂಬಾ ಪ್ರಿಯವಾದ ಕೀರ್ತನೆ. ಅವನು ಹೇಳಿದ್ದು ಸುಳ್ಳು ವಾಕ್ಯವಲ್ಲ. ತನ್ನ ಉದ್ದೇಶಕ್ಕೆ ತಕ್ಕ ವಾಕ್ಯವನ್ನು ಆರಿಸಿಕೊಂಡ, ಅಷ್ಟೆ. ತಾನು ಮೊದಲೇ ತೀರ್ಮಾನಿಸಿದ್ದಕ್ಕೆ ದೇವರ ಸಹಿ ಬೇಕಾದವನು ಹಾಗೆಯೇ ಮಾಡುತ್ತಾನೆ. ಆಸ್ತಿ ಜಗಳದಲ್ಲಿ ಅಣ್ಣನಿಗೆ ಒಂದು ವಾಕ್ಯ ಸಿಗುತ್ತದೆ, ತಮ್ಮನಿಗೆ ಇನ್ನೊಂದು. ಅತ್ತೆಗೆ ಒಂದು, ಸೊಸೆಗೆ ಒಂದು. ಎಲ್ಲರೂ ಬೈಬಲ್ ತೆರೆದಿರುತ್ತಾರೆ, ಯಾರೂ ಬದಲಾಗಿರುವುದಿಲ್ಲ.

ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಟೈಟ್ರೇಶನ್ ಮಾಡಿದವರಿಗೆ ಇದು ಬೇಗ ತಿಳಿಯುತ್ತದೆ. ಬ್ಯುರೆಟ್ಟಿನಲ್ಲಿ ಕಂಡ ಅಂಕಿಯನ್ನು ಕಂಡ ಹಾಗೇ ಬರೆಯಬೇಕು. ಉತ್ತರ ಎಷ್ಟು ಬರಬೇಕೆಂದು ಮೊದಲೇ ಗೊತ್ತಿರುವವನಿಗೆ ಅದಕ್ಕೆ ಹೊಂದುವ ಅಂಕಿ ಬರೆಯುವ ಆಸೆ ಬರುತ್ತದೆ. ಹಾಗೆ ಬರೆದರೆ ಪುಸ್ತಕ ಚೆನ್ನಾಗಿ ಕಾಣುತ್ತದೆ, ಆದರೆ ಆ ಬಾಟಲಿಯಲ್ಲಿ ಏನಿತ್ತು ಎಂಬುದು ಕೊನೆಗೂ ತಿಳಿಯುವುದಿಲ್ಲ. ಆ ಅಂಕಿಗೂ ನಾವು ರೀಡಿಂಗ್ ಎನ್ನುತ್ತೇವೆ, ಪೂಜೆಯ ವಾಚನಕ್ಕೂ ರೀಡಿಂಗ್ ಎನ್ನುತ್ತೇವೆ. ಎರಡರಲ್ಲೂ ನಿಯಮ ಒಂದೇ: ನನಗೆ ಬೇಕಾದದ್ದಲ್ಲ, ಅಲ್ಲಿ ಇರುವುದು.

ಹಾಗಾದರೆ ಕೊಟ್ಟ ವಾಕ್ಯ ಏನು ಮಾಡುತ್ತದೆ? ಡಿಸೆಂಬರ್ 17ನ್ನು ತೆಗೆದುಕೊಳ್ಳಿ. ಅಂದಿನ ಶುಭಸಂದೇಶ ಮತ್ತಾಯನ ಮೊದಲ ಅಧ್ಯಾಯದ ಮೊದಲ 17 ವಚನಗಳು, ಅಂದರೆ ಯೇಸುಸ್ವಾಮಿಯ ವಂಶಾವಳಿ. ಅಬ್ರಹಾಮನಿಂದ ದಾವೀದನವರೆಗೆ 14 ತಲೆಮಾರು, ಅಲ್ಲಿಂದ ಬಾಬಿಲೋನಿನ ಸೆರೆಯವರೆಗೆ 14, ಅಲ್ಲಿಂದ ಕ್ರಿಸ್ತರವರೆಗೆ 14. ಸಾಲು ಸಾಲು ಹೆಸರುಗಳು. ನಾಲಿಗೆ ತೊಡರುತ್ತದೆ. ತಾನಾಗಿ ಆರಿಸಿಕೊಂಡು ಇದನ್ನು ಓದುವವರು ಎಷ್ಟು ಜನ?

ಆದರೆ ನಿಧಾನವಾಗಿ ಓದಿದರೆ ಆ ಸಾಲಿನಲ್ಲಿ ತಾಮಾರಳು ಸಿಗುತ್ತಾಳೆ. ಮಾವನ ಮನೆಯಿಂದ ನ್ಯಾಯ ಸಿಗದೆ ನರಳಿದ ವಿಧವೆ ಆಕೆ. ಜೆರಿಕೋ ಪಟ್ಟಣದ ರಾಹಾಬಳು ಸಿಗುತ್ತಾಳೆ, ಊರವರು ಸೂಳೆ ಎಂದು ಕರೆದವಳು. ರೂತಳು ಸಿಗುತ್ತಾಳೆ, ಆಕೆ ಮೋವಾಬಿನ ಹೆಣ್ಣು, ಗಡಿಯಾಚೆಯವಳು. ಮೋವಾಬ್ಯರನ್ನು ದೇವರ ಸಭೆಗೆ ಸೇರಿಸಬಾರದು ಎಂದು ಧರ್ಮೋಪದೇಶಕಾಂಡದ 23ನೆಯ ಅಧ್ಯಾಯ ಹೇಳಿದ್ದರೂ, ಬೆತ್ಲೆಹೇಮಿನ ಹೊಲದಲ್ಲಿ ತೆನೆ ಆಯ್ದ ಆ ವಿಧವೆ ದಾವೀದನಿಗೆ ಮುತ್ತಜ್ಜಿಯಾದಳು. ಮುಂದೆ ಸೊಲೊಮೋನನ ತಾಯಿಯ ಸರದಿ. ಆಕೆಯ ಹೆಸರನ್ನು ಸಂತ ಮತ್ತಾಯ ಬರೆಯುವುದಿಲ್ಲ. ಊರೀಯನ ಹೆಂಡತಿಯಾಗಿದ್ದವಳು ಎಂದು ಗುರುತಿಸುತ್ತಾರೆ. ದಾವೀದ ಅರಸ ಆ ಊರೀಯನನ್ನು ಯುದ್ಧದಲ್ಲಿ ಮುಂದೆ ನಿಲ್ಲಿಸಿ ಕೊಲ್ಲಿಸಿದ್ದು ಯಾರೂ ಮರೆಯಬಾರದೆಂಬಂತೆ.

ಹೆಣ್ಣು ನೋಡಲು ಬಂದವರ ಮುಂದೆ ನಾವು ನಮ್ಮ ಮನೆತನದ ಕತೆಯನ್ನು ಹೇಗೆ ಹೇಳುತ್ತೇವೆ? ಕುಡಿದು ಕೆಟ್ಟ ಚಿಕ್ಕಪ್ಪ, ಓಡಿಹೋದ ಅತ್ತೆ, ಬೇರೆ ಜಾತಿಯ ಸೊಸೆ ಇವರೆಲ್ಲ ಆ ಹೊತ್ತಿಗೆ ಮಾಯವಾಗುತ್ತಾರೆ. ದೇವರ ಮಗನ ಮನೆತನದ ದಾಖಲೆಯಲ್ಲಿ ಅಂಥವರು ಮಾಯವಾಗಿಲ್ಲ. ಕ್ರಿಸ್ತಜಯಂತಿಗೆ ಎಂಟು ದಿನ ಮುಂಚೆ, ನಾವು ಮನೆಗೆ ಸುಣ್ಣ ಹೊಡೆದು ಗೋದಲಿ ಕಟ್ಟುವ ಗಡಿಬಿಡಿಯಲ್ಲಿರುವಾಗ, ಧರ್ಮಸಭೆ ಈ ದಾಖಲೆಯನ್ನು ಬಿಚ್ಚಿ ಓದಿಸುತ್ತದೆ. ನಾನಾಗಿ ಇದನ್ನು ಆರಿಸುತ್ತಿರಲಿಲ್ಲ. ಅದಕ್ಕೇ ಇದು ನನಗೆ ಬೇಕಾಗಿತ್ತು. ನನಗೆ ಏನು ಬೇಕೆಂದು ಕೇಳಿದರೆ ಸಮಾಧಾನ ಎನ್ನುತ್ತೇನೆ. ಮನೆಯಿಂದ ದೂರವಿಟ್ಟವರನ್ನು ಒಳಗೆ ಕರೆಯಬೇಕು ಎಂಬ ಮಾತು ನನ್ನ ಪಟ್ಟಿಯಲ್ಲಿ ಎಂದೂ ಇರುವುದಿಲ್ಲ.

ಇಲ್ಲಿ ಒಬ್ಬರು ಎದ್ದು ಕೇಳಬಹುದು: "ಈ ಪಟ್ಟಿಯನ್ನೂ ಮನುಷ್ಯರೇ ಮಾಡಿದ್ದಲ್ಲವೇ? ಅದರಲ್ಲೂ ಕೆಲವು ವಚನ ಬಿಟ್ಟಿಲ್ಲವೇ?" ನಿಜ. ಜನರಿಗೆ ಬೈಬಲಿನ ಭಂಡಾರವನ್ನು ಇನ್ನೂ ಅಗಲವಾಗಿ ತೆರೆಯಬೇಕೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಹೇಳಿತು. ಅದರಂತೆ 1969ರಲ್ಲಿ ಈಗಿನ ವಾಚನಕ್ರಮ ಬಂತು. ಭಾನುವಾರಗಳಿಗೆ ಮೂರು ವರ್ಷದ ಸುತ್ತು. ಆಗಮನಕಾಲದ ವಾರದ ದಿನಗಳಿಗೆ ಮಾತ್ರ ಪ್ರತಿ ವರ್ಷವೂ ಹೆಚ್ಚುಕಡಿಮೆ ಅವೇ ವಾಚನಗಳು. ಮನುಷ್ಯರೇ ಮಾಡಿದ್ದು, ಬಿಟ್ಟ ವಚನಗಳೂ ಇವೆ. ಆದರೆ ಅದನ್ನು ಮಾಡಿದವರಿಗೆ ನನ್ನ ಇವತ್ತಿನ ಸಿಟ್ಟು, ನನ್ನ ಇವತ್ತಿನ ಆಸೆ ಗೊತ್ತಿರಲಿಲ್ಲ. ನನ್ನನ್ನು ಮೆಚ್ಚಿಸಲು ಅವರು ಆರಿಸಲಿಲ್ಲ. ನನಗೆ ಅಷ್ಟು ಸಾಕು.

ಇನ್ನೊಂದು ಲಾಭವೂ ಇದೆ, ನಮ್ಮಂಥ ಧರ್ಮಪ್ರಾಂತ್ಯದಲ್ಲಿ ಅದು ಸಣ್ಣದಲ್ಲ. ಇಲ್ಲಿ ಒಂದು ಪೂಜೆ ತಮಿಳಿನಲ್ಲಿ, ಒಂದು ಕನ್ನಡದಲ್ಲಿ; ಮನೆಯೊಳಗೆ ತೆಲುಗು ಮಾತನಾಡುವ ಕುಟುಂಬಗಳೂ ಇವೆ. ಹಾಡು ಬೇರೆ, ಹಬ್ಬದ ಅಡುಗೆ ಬೇರೆ, ಕೆಲವೊಮ್ಮೆ ಪೂಜೆಯ ಸಮಯದ ಬಗ್ಗೆ ಮುನಿಸೂ ಇರುತ್ತದೆ. ಆದರೂ ಡಿಸೆಂಬರ್ 17ರಂದು ರೂತಳ ಹೆಸರು ಎಲ್ಲ ಭಾಷೆಗಳಲ್ಲೂ ಕೇಳುತ್ತದೆ. ಪ್ರತಿಯೊಬ್ಬರೂ ತಮ್ಮ ತಮ್ಮ ಫೋನಿನಲ್ಲಿ ತಮ್ಮ ವಾಕ್ಯ ಆರಿಸಿಕೊಂಡರೆ ಅಂದು ನಮ್ಮ ನಡುವೆ ಒಂದೇ ಮಾತು ಉಳಿಯುವುದಿಲ್ಲ. ಒಂದೇ ಪಂಕ್ತಿಯಲ್ಲಿ ಕುಳಿತು, ಎಲ್ಲರಿಗೂ ಬಡಿಸಿದ್ದನ್ನೇ ಉಣ್ಣುವುದಕ್ಕೂ ಹೋಟೆಲಿಗೆ ಹೋಗಿ ಬೇಕಾದ್ದನ್ನು ತರಿಸಿಕೊಳ್ಳುವುದಕ್ಕೂ ಇರುವ ವ್ಯತ್ಯಾಸ ಇದು.

ಕೊನೆಯ ಆಕ್ಷೇಪಣೆ ಎಲ್ಲಕ್ಕಿಂತ ಪ್ರಾಮಾಣಿಕವಾದದ್ದು. "ಮನಸ್ಸಿಲ್ಲದೆ ಕರ್ತವ್ಯಕ್ಕೆ ಓದಿದರೆ ಅದು ಕಪಟವಲ್ಲವೇ?" ಇದಕ್ಕೆ ಉತ್ತರ ಪಟ್ಟಿಯೊಳಗೇ ಇದೆ. ಮೂರನೆಯ ವಾರದ ಮಂಗಳವಾರಕ್ಕೆ ನೇಮಿಸಿರುವ ಶುಭಸಂದೇಶ ಇಬ್ಬರು ಮಕ್ಕಳ ಸಾಮತಿ. ತೋಟಕ್ಕೆ ಹೋಗು ಎಂದು ತಂದೆ ಹೇಳಿದಾಗ ಒಬ್ಬ ಆಗುವುದಿಲ್ಲ ಎಂದು ಹೇಳಿ, ಆಮೇಲೆ ಮನಸ್ಸು ಬದಲಿಸಿ ಹೋದ. ಇನ್ನೊಬ್ಬ ಆಗಲಿ ಎಂದವನು ಹೋಗಲೇ ಇಲ್ಲ. ಗೊಣಗುತ್ತಾ ಹೋದರೂ ತೋಟಕ್ಕೆ ಹೋದವನೇ ತಂದೆಯ ಚಿತ್ತದಂತೆ ನಡೆದವನು. ಆದ್ದರಿಂದ ಆಕಳಿಸುತ್ತಾ ಓದಿದರೂ ಓದು ಓದೇ. ಆದರೆ ಈ ಸಾಮತಿಗೆ ಇನ್ನೊಂದು ಅಂಚೂ ಇದೆ. ಒಂದು ದಿನವೂ ತಪ್ಪಿಸದೆ ಓದಿ, ಮಾತು ಬಿಟ್ಟ ತಮ್ಮನ ಮನೆ ಕಡೆಗೆ ತಲೆ ಹಾಕದಿದ್ದರೆ ನಾನು ಆಗಲಿ ಎಂದು ಹೇಳಿ ಹೋಗದ ಮಗನೇ.

ಡಿಸೆಂಬರ್ 19ರ ಶುಭಸಂದೇಶದ ಜಕರೀಯನನ್ನೂ ನೆನೆಯಿರಿ. ಅಂದು ದೇವಾಲಯದಲ್ಲಿ ಅವನದು ಸರದಿಯ ಕೆಲಸ. ಧೂಪಾರತಿ ಎತ್ತುವ ಪಾಳಿ ಚೀಟಿ ಹಾಕಿದಾಗ ಅವನಿಗೆ ಬಂತು. ಅವನು ಮುದುಕ, ಮಕ್ಕಳಿಲ್ಲದವನು. ದೇವದೂತ ಹೇಳಿದ ಮೇಲೂ ನಂಬಲಾರದಷ್ಟು ಅವನ ನಿರೀಕ್ಷೆ ಬತ್ತಿಹೋಗಿತ್ತು. ಆದರೂ ಪಾಳಿಗೆ ತಪ್ಪಿಸದೆ ಬಂದಿದ್ದ. ದೇವರ ಮಾತು ಅವನಿಗೆ ಬಂದದ್ದು ಆ ಪಾಳಿಯಲ್ಲಿ. ಸಿಪ್ಕಾಟ್ ಕಾರ್ಖಾನೆಗಳಲ್ಲಿ ರಾತ್ರಿ ಶಿಫ್ಟು ಮಾಡುವ ನಮ್ಮ ಯುವಕರಿಗೆ, ಗುಲಾಬಿ ತೋಟಕ್ಕೆ ಬೆಳಕು ಹರಿಯುವ ಮುಂಚೆ ಹೋಗುವ ಅಕ್ಕಂದಿರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮನಸ್ಸಿದ್ದ ದಿನ ಮಾತ್ರ ಹೋಗುವ ಕೆಲಸ ಅವರು ಕಂಡಿಲ್ಲ.

ಹೇಗೆ ಮಾಡುವುದು? ಹತ್ತು ನಿಮಿಷ ಸಾಕು. ಅಂದಿನ ಮೊದಲನೆಯ ವಾಚನ ಮತ್ತು ಶುಭಸಂದೇಶ ಓದಿ. ಸಾಧ್ಯವಾದರೆ ಮನೆಯವರೆಲ್ಲ ಕೇಳುವಂತೆ ಗಟ್ಟಿಯಾಗಿ ಓದಿ. ತಮಿಳು ಶಾಲೆಯಲ್ಲಿ ಓದಿದ ನಮ್ಮ ಎಷ್ಟೋ ಮಕ್ಕಳಿಗೆ ಕನ್ನಡ ಅಕ್ಷರ ಕೂಡಿಸಿ ಓದುವಷ್ಟು ಮಾತ್ರ ಬರುತ್ತದೆ. ಎಷ್ಟೋ ಅಜ್ಜಿಯರಿಗೆ ಓದಲು ಬರುವುದಿಲ್ಲ, ಆದರೆ ಪ್ರತಿ ಮಾತೂ ತಿಳಿಯುತ್ತದೆ. ಮೊಮ್ಮಗ ತಡವರಿಸಿ ಓದಲಿ, ಅಜ್ಜಿ ತಿದ್ದಲಿ. ಓದಿ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದರಲ್ಲಿ ನಾನಾಗಿ ಎಂದೂ ಆರಿಸದ ಮಾತು ಯಾವುದು? ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಒಂದು ದಿನ ತಪ್ಪಿದರೆ ಹಿಂದಿನದನ್ನು ಸಾಲದ ಹಾಗೆ ತೀರಿಸಲು ಹೋಗಬೇಡಿ, ಮರುದಿನದ್ದು ಓದಿ.

ಆ ತಂಗಿಯ ಪ್ರಶ್ನೆಗೆ ನನಗೆ ತೋಚಿದ ಉತ್ತರ ಇಷ್ಟು. ನಿನ್ನ ಸಮಾಧಾನದ ವಾಕ್ಯವನ್ನು ಬಿಡಬೇಡ, ಅದರ ಜೊತೆಗೆ ಇದೂ ಇರಲಿ. ಯಾಕೆಂದರೆ ಡಿಸೆಂಬರ್ 20ರಂದು ನಾವು ಓದುವಂತೆ, ನಜರೇತಿನ ಮರಿಯಮ್ಮನವರಿಗೆ ಬಂದ ಮಾತು ಅವರು ಆರಿಸಿಕೊಂಡದ್ದಾಗಿರಲಿಲ್ಲ. ಕೇಳಿ ಅವರಿಗೆ ಕಳವಳವಾಯಿತು, ಅವರು ಪ್ರಶ್ನೆಯನ್ನೂ ಕೇಳಿದರು, ಆಮೇಲೆ ಒಪ್ಪಿದರು. ನಾವು ಎದುರು ನೋಡುತ್ತಿರುವ ಪ್ರಭುವೂ ನಮ್ಮ ಆಯ್ಕೆಯಂತೆ ಬರುವವರಲ್ಲ. ಸತ್ರದಲ್ಲಿ ಸ್ಥಳವಿಲ್ಲದ ರಾತ್ರಿ ಬಂದವರು ಅವರು. ಅಂಥವರನ್ನು ಗುರುತಿಸಲು ಕಿವಿಗೆ ಸ್ವಲ್ಪ ಅಭ್ಯಾಸ ಬೇಕು.

ಎಲ್ಲರಿಗೂ ಆಗಮನಕಾಲದ ಶುಭಾಶಯಗಳು. ಪ್ರಭು ನಮ್ಮೆಲ್ಲರ ಮನೆಗಳಿಗೆ ಬರಲಿ.