ನೆರೆಮನೆಯ ನ್ಯಾಸ

ಕನ್ನಡದಲ್ಲಿ 'ನೆರೆ' ಎಂದರೆ ಪಕ್ಕದ ಮನೆ. 'ನೆರೆ' ಎಂದರೆ ಹೊಳೆಯ ಪ್ರವಾಹವೂ ಹೌದು. ಶಬ್ದಮೂಲದ ಚರ್ಚೆ ಇಲ್ಲಿ ಬೇಡ. ಆದರೆ ಹೊಳೆಯ ದಂಡೆಯ ಸಣ್ಣ ಊರಿನಲ್ಲಿ, ಇಪ್ಪತ್ತು ಮೂವತ್ತು ಮನೆಗಳ ಒಂದು ಓಣಿಯಲ್ಲಿ ಬಾಳುವವರಿಗೆ ಈ ಎರಡು ಅರ್ಥಗಳು ಬಹುಕಾಲ ಬೇರೆಯಾಗಿ ಉಳಿಯುವುದಿಲ್ಲ. ನೆರೆಯವನು ಎಂಥವನೆಂಬುದು ನೀರು ಬಂದ ದಿನ ತಿಳಿಯುತ್ತದೆ. ಅವನು ನಮ್ಮನ್ನು ಎಷ್ಟು ಬಲ್ಲನೆಂಬುದೂ ಅಂದೇ ತಿಳಿಯುತ್ತದೆ. ಹೀಗೆ ಒಬ್ಬರ ಮನೆಯ ಸಂಗತಿ ಇನ್ನೊಬ್ಬರಿಗೆ ತಿಳಿದಿರುತ್ತದಲ್ಲ, ಆ ತಿಳಿವಳಿಕೆ ಯಾರ ಸ್ವತ್ತು? ಅದನ್ನು ಶ್ರಾವಕನು ಹೇಗೆ ಇಟ್ಟುಕೊಳ್ಳಬೇಕು? ಈ ಪ್ರಶ್ನೆಯನ್ನು ವಿಚಾರಿಸುವುದು ಅಗತ್ಯವೆಂದು ನನಗೆ ತೋರುತ್ತದೆ.

ದೃಷ್ಟಾಂತಕ್ಕೆ ಬೆಳಗಾವಿ ಜಿಲ್ಲೆಯ ದೂಧಗಂಗೆಯ ದಂಡೆಯನ್ನೇ ತೆಗೆದುಕೊಳ್ಳೋಣ. ಸಹ್ಯಾದ್ರಿಯಲ್ಲಿ ಹುಟ್ಟಿದ ಈ ಹೊಳೆ ಕೊಲ್ಲಾಪುರ ಜಿಲ್ಲೆಯನ್ನು ದಾಟಿ, ಭೋಜದ ಬಳಿ ವೇದಗಂಗೆಯನ್ನು ಕೂಡಿಕೊಂಡು, ಮುಂದೆ ಕಲ್ಲೋಳದ ಹತ್ತಿರ ಕೃಷ್ಣೆಯನ್ನು ಸೇರುತ್ತದೆ. ಭೋಜವು ಆಚಾರ್ಯ ಶಾಂತಿಸಾಗರ ಮಹಾರಾಜರ ಮನೆತನದ ಊರು. ಆಚಾರ್ಯ ವಿದ್ಯಾಸಾಗರ ಮಹಾರಾಜರು 1946ರಲ್ಲಿ ಜನಿಸಿದ್ದು ಇದೇ ಹೊಳೆಯ ಸದಲಗಾದಲ್ಲಿ. ಈ ಭಾಗದ ಜೈನರು ಬಹುಮಟ್ಟಿಗೆ ಒಕ್ಕಲುತನದವರು. ವ್ಯಾಪಾರಿಯಂತೆ ಗಂಟು ಕಟ್ಟಿಕೊಂಡು ಬೇರೆ ಪೇಟೆಗೆ ಹೋಗಿ ನೆಲೆಸುವುದು ಇವರಿಗೆ ಸುಲಭವಲ್ಲ. ಭೂಮಿ ಎಲ್ಲಿಯೊ ಮನೆಯೂ ಅಲ್ಲಿಯೆ, ಹೊಳೆಯೂ ಅಲ್ಲಿಯೆ. ಘಟ್ಟದಲ್ಲಿ ಮಳೆ ಹಿಡಿಯಿತೆಂದರೆ ಮಲಿಕವಾಡ-ದತ್ತವಾಡ, ಕಲ್ಲೋಳ-ಯಡೂರ ಬಾಂದಾರಗಳು ಮೊದಲು ಮುಳುಗುತ್ತವೆ. ಅದು ವರ್ಷವರ್ಷದ ಮಾತು; ಅದಕ್ಕೆ ಯಾರೂ ಗಾಬರಿಯಾಗುವುದಿಲ್ಲ. 2005, 2019, 2021ರ ಪ್ರವಾಹಗಳು ಹಾಗಿರಲಿಲ್ಲ. ಇಲ್ಲಿಯ ಜನ 'ಹೊಳಿ ಬಂತು' ಎನ್ನುತ್ತಾರೆ. ಉಳಿದ ಕಾಲದಲ್ಲಿ ನಾವು ಹೊಳೆಗೆ ಹೋಗುವವರು. ಆಗ ಹೊಳೆಯೇ ನಮ್ಮಲ್ಲಿಗೆ ಬರುತ್ತದೆ.

ಇಂಥ ಊರಿನ ಹಳೆಯ ಓಣಿಯಲ್ಲಿ ಒಂದು ಮನೆಯ ಗೋಡೆಯೇ ಇನ್ನೊಂದು ಮನೆಯ ಗೋಡೆ. ರಾತ್ರಿ ಒಬ್ಬರು ಕೆಮ್ಮಿದರೆ ಮೂರು ಮನೆಗೆ ಕೇಳುತ್ತದೆ. ಯಾರ ಒಲೆ ತಡವಾಗಿ ಹೊತ್ತಿತು, ಯಾರ ಮಗಳು ಪಂಚಮಿಗೆಂದು ತವರಿಗೆ ಬಂದವಳು ದೀಪಾವಳಿ ಕಳೆದರೂ ಹೋಗಲಿಲ್ಲ, ಕಬ್ಬಿನ ಬಿಲ್ಲು ಬಂದರೂ ಯಾರ ಸೊಸೈಟಿಯ ಸಾಲ ತೀರಲಿಲ್ಲ, ಇದೆಲ್ಲ ಯಾರೂ ಹೇಳದೆ ಎಲ್ಲರಿಗೂ ಗೊತ್ತು. ಬೆಂಗಳೂರು, ಪುಣೆಗಳಿಗೆ ಹೋಗಿ ನೆಲೆಸಿದ ಮಕ್ಕಳು ಅಲ್ಲಿ ಎದುರುಬಾಗಿಲಿನವರ ಹೆಸರೂ ತಿಳಿಯದೆ ನೆಮ್ಮದಿಯಾಗಿದ್ದೇವೆ ಎಂದಾಗ ಹಿರಿಯರಿಗೆ ಬೇಸರವಾಗುತ್ತದೆ. ಆ ನೆಮ್ಮದಿಯನ್ನು ಹಗುರಾಗಿ ಕಾಣಬಾರದೆಂಬುದು ನನ್ನ ಅಭಿಪ್ರಾಯ. ಊರು ಬಿಟ್ಟವರಲ್ಲಿ ಕೆಲವರು ಸಂಬಳಕ್ಕಾಗಿ ಬಿಟ್ಟವರು. ಕೆಲವರು, ವಿಶೇಷವಾಗಿ ಹೆಣ್ಣುಮಕ್ಕಳು, ಓಣಿಯ ಕಣ್ಣಿಗಾಗಿ ಬಿಟ್ಟವರು.

ಆದರೆ ಅದೇ ಕಣ್ಣು ಜೀವ ಉಳಿಸುವುದೂ ಉಂಟು. ನಡುರಾತ್ರಿ ನೀರು ಏರುವಾಗ ರಕ್ಷಣಾ ದೋಣಿಯವರಿಗೆ ಓಣಿಯ ಹೆಸರು ಗೊತ್ತಿರಬಹುದು. ಮುದುಕಿ ಪಡಸಾಲೆಯಲ್ಲಿ ಮಲಗುವುದಿಲ್ಲ, ಒಳಕೋಣೆಯಲ್ಲಿ ಮಲಗುತ್ತಾಳೆ, ಆಕೆಗೆ ಕಿವಿ ಕೇಳುವುದಿಲ್ಲ ಎಂಬುದು ಪಕ್ಕದ ಮನೆಗೆ ಮಾತ್ರ ಗೊತ್ತು. ಯಾವ ಮನೆಯ ಸೊಸೆ ತುಂಬು ಗರ್ಭಿಣಿ, ಯಾರ ಎಮ್ಮೆ ಹಿತ್ತಲಿನಲ್ಲಿ ಕಟ್ಟಿದೆ, ಊರಿಗೆ ಹೋದವರು ಕೀಲಿಯನ್ನು ಎಲ್ಲಿ ಇಟ್ಟಿದ್ದಾರೆ ಎಂಬುದೂ ಹಾಗೆಯೆ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಮೊದಲನೆಯದು ಬಂಧ, ಎಂದರೆ ಪ್ರಾಣಿಯನ್ನು ಕಟ್ಟಿಹಾಕುವುದು. ಕಟ್ಟಲೇಬೇಕಾದರೆ, ಬೆಂಕಿ ಬಿದ್ದಾಗ ಥಟ್ಟನೆ ಬಿಚ್ಚಲು ಬರುವಂತೆ ಸಡಿಲವಾಗಿ ಕಟ್ಟಬೇಕೆಂದು ಶ್ರಾವಕಾಚಾರದ ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಹೊಳೆದಂಡೆಯವರು ಬೆಂಕಿಯ ಜಾಗದಲ್ಲಿ ನೀರನ್ನು ಇಟ್ಟು ಓದಬೇಕು, ಅಷ್ಟೆ. ಒಡೆಯನು ಇಲ್ಲದಾಗ ಆ ಹಗ್ಗವನ್ನು ಬಿಚ್ಚುವವನು ಯಾರು? ಹಿತ್ತಲನ್ನು ಬಲ್ಲವನೇ.

ಹೀಗಾಗಿ, ನೆರೆಯವರ ವಿಷಯ ತಿಳಿದುಕೊಳ್ಳುವುದೇ ತಪ್ಪು ಎನ್ನಲಾಗದು. ತಿಳಿದುದನ್ನು ಏನು ಮಾಡುತ್ತೇವೆ ಎಂಬುದೇ ಪ್ರಶ್ನೆ. ಇಲ್ಲಿ ಸತ್ಯಾಣುವ್ರತದ ಅತಿಚಾರಗಳನ್ನು ನೆನೆಯಬೇಕು. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ ಎಂದು ಐದನ್ನು ಎಣಿಸುತ್ತಾರೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪೈಶುನ್ಯವನ್ನು, ಅಂದರೆ ಚಾಡಿಯನ್ನು, ಹೆಸರಿಸಿಯೇ ಸೇರಿಸಿದ್ದಾರೆ. ಸುಳ್ಳು ಹೇಳಬಾರದೆಂಬುದಷ್ಟೆ ಸತ್ಯವ್ರತವೆಂದು ತಿಳಿದವರಿಗೆ ಈ ಪಟ್ಟಿ ಅಚ್ಚರಿ ತರಬೇಕು. ರಹೋಭ್ಯಾಖ್ಯಾನವೆಂದರೆ ಏಕಾಂತದಲ್ಲಿ ನಡೆದುದನ್ನು ಬಯಲು ಮಾಡುವುದು. ಅದು ಸುಳ್ಳಾಗಬೇಕಿಲ್ಲ, ನಿಜವೇ ಆಗಿರಬಹುದು. ಸಾಕಾರಮಂತ್ರಭೇದವನ್ನು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇನ್ನೂ ಸೂಕ್ಷ್ಮವಾಗಿ ಹೇಳುತ್ತಾರೆ: ಸಂದರ್ಭದಿಂದಲೊ, ಮುಖಚರ್ಯೆಯಿಂದಲೊ, ಹುಬ್ಬಿನ ಚಲನೆಯಿಂದಲೊ ಇನ್ನೊಬ್ಬರ ಅಂತರಂಗವನ್ನು ಊಹಿಸಿ ಅಸೂಯೆ ಮುಂತಾದ ಕಾರಣಗಳಿಂದ ಅದನ್ನು ಹೊರಗೆಡಹುವುದು. ನಮ್ಮ ಓಣಿಯ ಕಟ್ಟೆಗಳನ್ನು ಪೂಜ್ಯಪಾದರು ಕಂಡಿದ್ದರೋ ಎನ್ನಿಸುತ್ತದೆ! ಹುಬ್ಬು ನೋಡಿ ಸಂಸಾರದ ಕಥೆ ಹೇಳುವ ವಿದ್ಯೆಯಲ್ಲಿ ಸಣ್ಣ ಊರುಗಳು ಯಾವ ವಿಶ್ವವಿದ್ಯಾಲಯಕ್ಕೂ ಕಡಿಮೆಯಿಲ್ಲ.

ಆದರೆ ನನ್ನ ಮನಸ್ಸನ್ನು ಹೆಚ್ಚು ಹಿಡಿದಿರುವುದು ನ್ಯಾಸಾಪಹಾರ. ನ್ಯಾಸವೆಂದರೆ ನಂಬಿ ಒಪ್ಪಿಸಿಟ್ಟ ಒಡವೆ. (ವಿಶ್ವಸ್ತ ಮಂಡಳಿಗಳನ್ನೂ ನಾವು ಇಂದು ನ್ಯಾಸ ಎಂದೇ ಕರೆಯುತ್ತೇವೆ, ಪದದ ಭಾರವನ್ನು ಪದಾಧಿಕಾರಿಗಳು ಆಗಾಗ ನೆನೆಯುವುದು ಒಳ್ಳೆಯದು.) ಒಬ್ಬನು ಹೊನ್ನನ್ನು ನಂಬಿಕೆಯಿಂದ ಇಟ್ಟು ಹೋಗಿ, ಎಷ್ಟಿಟ್ಟೆನೆಂಬುದನ್ನು ಮರೆತು, ಕಡಿಮೆ ಎಣಿಕೆ ಹೇಳಿ ಕೇಳಿದಾಗ, ಇಟ್ಟುಕೊಂಡವನು 'ಹೌದು, ಅಷ್ಟೇ' ಎಂದು ಒಪ್ಪಿಬಿಡುವುದೇ ಈ ಅತಿಚಾರ. ಇದು ಕಳ್ಳತನದಂತೆ ತೋರಿದರೂ ಅಚೌರ್ಯದಲ್ಲಿ ಎಣಿಸದೆ ಸತ್ಯದಲ್ಲಿ ಎಣಿಸಿದ್ದಾರೆ. ಏಕೆಂದರೆ ಇಲ್ಲಿ ಕೈ ಏನನ್ನೂ ಎತ್ತಲಿಲ್ಲ. ಒಂದು 'ಹೌದು' ಎಂಬ ಮಾತು ಆ ಕೆಲಸವನ್ನು ಮಾಡಿತು.

ಹೊಳೆ ಬಂದಾಗ ಈ ಅತಿಚಾರಕ್ಕೆ ದಾರಿ ತಾನಾಗಿ ತೆರೆಯುತ್ತದೆ. ತಗ್ಗಿನ ಮನೆಯವರು ಜೋಳದ ಚೀಲ, ಪಾತ್ರೆ, ಟ್ರಂಕು, ಭೂಮಿಯ ಕಾಗದ, ಕೆಲವೊಮ್ಮೆ ಮಾಂಗಲ್ಯದ ಹೊರತು ಉಳಿದ ಬಂಗಾರವನ್ನೆಲ್ಲ ಎತ್ತರದ ಮನೆಯವರ ಮಾಳಿಗೆಗೆ ಸಾಗಿಸುತ್ತಾರೆ. ಮಳೆಯಲ್ಲಿ, ಕತ್ತಲಲ್ಲಿ ಎಣಿಸುವವರು ಯಾರು? ಹದಿನೈದು ದಿನಗಳ ನಂತರ ಬಂದು, 'ಹನ್ನೊಂದು ಚೀಲ ಇರಬೇಕಲ್ಲ ಕಾಕಾ?' ಎಂದು ಕೇಳುವಾಗ, ಇದ್ದದ್ದು ಹದಿಮೂರು ಎಂದು ಕಾಕಾನಿಗೆ ಮಾತ್ರ ಗೊತ್ತು. ಬಹುತೇಕ ಕಾಕಾಗಳು ಹದಿಮೂರನ್ನೇ ಕೊಡುತ್ತಾರೆ. ಇಲ್ಲದಿದ್ದರೆ ಈ ಊರುಗಳು ಇಷ್ಟು ಕಾಲ ಬಾಳುತ್ತಿರಲಿಲ್ಲ.

ಚೀಲಗಳ ವಿಷಯದಲ್ಲಿ ನಾವು ಇಷ್ಟು ಶುದ್ಧರಾಗಿರುವಾಗ, ಮಾತಿನ ವಿಷಯದಲ್ಲಿ ಏಕೆ ಹಾಗಿರುವುದಿಲ್ಲ? ನೆರೆಯವರ ಸಾಲ, ಕಾಯಿಲೆ, ಕಲಹಗಳೂ ನಮ್ಮಲ್ಲಿ ಎಣಿಸದೆ ಇಟ್ಟ ಒಡವೆಗಳೇ. ಗೋಡೆ ತೆಳುವಾಗಿದೆಯೆಂದು ನಮ್ಮ ಮನೆಗೆ ಬಂದವು, ನಾವು ಗಳಿಸಿದವಲ್ಲ. ಎಷ್ಟು ಇಟ್ಟಿದ್ದೇವೆಂದು ಇಟ್ಟವರಿಗೇ ತಿಳಿಯದು. ಅದನ್ನು ನೀರು ಬಂದ ದಿನ ಅವರ ಹಿತಕ್ಕೆ ವ್ಯಯಿಸಿದರೆ ನ್ಯಾಸವನ್ನು ಹಿಂದಿರುಗಿಸಿದಂತೆ. ಸಂಜೆಯ ಕಟ್ಟೆಯಲ್ಲಿ ವ್ಯಯಿಸಿದರೆ ಅವರ ಒಡವೆಯನ್ನು ಮಾರಿ ನಾವು ಗೌರವ ಕೊಂಡುಕೊಂಡಂತೆ. ಎಲ್ಲವನ್ನೂ ಬಲ್ಲವನೆಂಬ ಗೌರವಕ್ಕೆ ಓಣಿಯಲ್ಲಿ ಬೆಲೆಯಿದೆಯಲ್ಲವೆ?

ಇದಕ್ಕಿಂತ ಕಠಿಣವಾದ ಸಂದರ್ಭವೊಂದಿದೆ. 2019ರ ಪ್ರವಾಹದ ನಂತರ ರಾಜ್ಯ ಸರ್ಕಾರವು ತಕ್ಷಣದ ನೆರವಾಗಿ 10,000 ರೂಪಾಯಿಗಳನ್ನೂ ಪೂರ್ಣವಾಗಿ ಬಿದ್ದ ಮನೆಗಳಿಗೆ 5 ಲಕ್ಷ ರೂಪಾಯಿಗಳನ್ನೂ ಘೋಷಿಸಿತು. ಹಾನಿಗೆ ತಕ್ಕಂತೆ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಲಾಯಿತು. ಮಣ್ಣಿನ ಗೋಡೆಯ ಸ್ವಭಾವ ಬಲ್ಲವರಿಗೆ ಗೊತ್ತು: ನೀರಿನಲ್ಲಿ ನಿಂತಾಗ ಅದು ಬೀಳದೆ ಇರಬಹುದು, ನೀರು ಇಳಿದು ಬಿಸಿಲು ಬಿದ್ದ ಮೇಲೆ ಕುಸಿಯಬಹುದು. ಆದುದರಿಂದ ಪಂಚನಾಮೆಗೆ ಬಂದವರು ಪಕ್ಕದ ಮನೆಯವರನ್ನು ಕೇಳುತ್ತಾರೆ: ಈ ಗೋಡೆ ಯಾವಾಗ ಬಿತ್ತು? ಮೂರು ವರ್ಷಗಳಿಂದ ಅದು ವಾಲಿತ್ತೆಂಬುದು ಪಕ್ಕದವನಿಗೆ ಗೊತ್ತು. ಗೆಳೆಯನಾದರೆ ಮರೆಮಾಚುವ ಆಸೆ, ಗಟಾರದ ಜಗಳವಿದ್ದರೆ ಬಯಲು ಮಾಡುವ ಆಸೆ. ಇತರರ ಒತ್ತಾಯಕ್ಕೆ ಒಳಗಾಗಿ ನಡೆಯದುದನ್ನು ನಡೆಯಿತೆಂದು ಬರೆಯುವುದು ಕೂಟಲೇಖಕ್ರಿಯೆ. ಅತ್ತ, ಪರರಿಗೆ ವಿಪತ್ತನ್ನು ತರುವ ಸತ್ಯವನ್ನೂ ಗೃಹಸ್ಥನು ನುಡಿಯಬಾರದೆಂಬುದು ಸಮಂತಭದ್ರರ ಅಭಿಪ್ರಾಯ. ಯಾವುದನ್ನು ಹಿಡಿಯಬೇಕು?

ನನಗೆ ತೋರುವ ಮಟ್ಟಿಗೆ, ಸಲ್ಲದ ಹಣ ಕೈತಪ್ಪುವುದನ್ನು ವಿಪತ್ತು ಎನ್ನಲಾಗದು. ಆ ಹಣ ಇನ್ನೊಬ್ಬ ನೆರೆಯವನದು. ಕೇಳಿದಾಗ ಎರಡನ್ನೂ ಹೇಳಬೇಕು: ಗೋಡೆ ಮೊದಲು ವಾಲಿತ್ತು, ನೀರು ಹೊಕ್ಕ ಮೇಲೆ ಬಿತ್ತು. ಅರ್ಧ ಹೇಳುವವನೇ ಇಲ್ಲಿ ತಪ್ಪಿತಸ್ಥ, ಅವನು ಯಾವ ಅರ್ಧವನ್ನು ಹೇಳಿದರೂ ಸರಿಯೆ. ಕೇಳದಿದ್ದಾಗ ತಾನಾಗಿ ಕಚೇರಿಗೆ ಹೋಗಿ ದೂರು ಬರೆಯುವವನು ತನ್ನ ಎದೆಯಲ್ಲಿ ಹುಡುಕಿಕೊಳ್ಳಲಿ, ಅಲ್ಲಿ ಗಟಾರದ ಜಗಳ ಇಲ್ಲವೆಂದು ಖಚಿತವಾದರೆ ಹೋಗಲಿ. ಆದರೆ ಅದಕ್ಕೂ ಮೊದಲು ಆ ಮನೆಯ ಬಾಗಿಲಿಗೇ ಹೋಗಿ ಮುಖ ನೋಡಿ ಹೇಳಲಿ. ಆ ವರ್ಷ ನೀರು ಇಳಿದ ಒಂದು ತಿಂಗಳೊಳಗೆ ದಶಲಕ್ಷಣ ಪರ್ವ ಬಂದಿತ್ತು. ಕ್ಷಮಾವಾಣಿಯ ದಿನ ದೂರದೂರದ ಊರುಗಳಿಗೆ ಸಂದೇಶ ಕಳುಹಿಸುವ ನಾವು, ಪಂಚನಾಮೆಯಲ್ಲಿ ಮನಸ್ಸು ಮುರಿದುಕೊಂಡ ಪಕ್ಕದ ಮನೆಯ ಹೊಸ್ತಿಲನ್ನು ತುಳಿಯುವುದು ಅಪರೂಪ.

ವಿಶ್ವಸ್ತ ಮಂಡಳಿಗಳಿಗೆ ಸಂಬಂಧಿಸಿದ ಒಂದು ಮಾತು. ಊರಿನ ಎತ್ತರದ ಜಾಗದಲ್ಲಿ ಬಸದಿಯ ಸಭಾಭವನವೋ ಮಂಗಲ ಕಾರ್ಯಾಲಯವೋ ಇದ್ದರೆ ಪ್ರವಾಹದಲ್ಲಿ ಎಲ್ಲ ಜಾತಿಯ ಜನ ಅಲ್ಲಿಗೆ ಬರುತ್ತಾರೆ, ಬರಬೇಕು. ಕತ್ತಲಾದ ಮೇಲೆ ಬಂದ ಮಕ್ಕಳಿಗೆ ಅನ್ನ ಬೇಯಿಸಬಹುದೇ ಎಂಬ ಚರ್ಚೆ ಎದ್ದರೆ ಅದು ಬಹಳ ಹೊತ್ತು ನಡೆಯಬಾರದು. ರಾತ್ರಿಭೋಜನತ್ಯಾಗ ಅದನ್ನು ಸ್ವೀಕರಿಸಿದವನ ವ್ರತ. ಆಶ್ರಯಕ್ಕೆ ಬಂದವರಿಂದ ಅದನ್ನು ಬಾಡಿಗೆಯಂತೆ ವಸೂಲು ಮಾಡುವುದು ಸಲ್ಲದು.

ಈಚೆಗೆ ಕೆಲವು ಕಡೆ, ಮಳೆಗಾಲಕ್ಕೆ ಮುನ್ನ ಓಣಿ ಓಣಿಯ ಹಾಸಿಗೆ ಹಿಡಿದವರ, ಗರ್ಭಿಣಿಯರ, ಒಂಟಿ ವೃದ್ಧರ ಪಟ್ಟಿಯನ್ನು ಬರೆದಿಡಬೇಕೆಂಬ ಸೂಚನೆ ಕೇಳಿಬರುತ್ತಿದೆ. ಉದ್ದೇಶ ಒಳ್ಳೆಯದೆ. ಎತ್ತರದ ಹೊಸ ಬಡಾವಣೆಗೆ ಹೋದವರಿಗೆ ಹಳೆಯ ನೆರೆಮನೆ ಪಕ್ಕದಲ್ಲಿ ಸಿಗುವ ಭರವಸೆಯಿಲ್ಲದ್ದರಿಂದ, ಅಲ್ಲಿ ಪಟ್ಟಿಯೇ ಬೇಕಾಗಬಹುದು. ಹಳೆಯ ಓಣಿಗಳಲ್ಲಿ ಮಾತ್ರ ನನಗೆ ಅನುಮಾನ. ಬರೆದ ಪುಸ್ತಕವನ್ನು ಯಾರೂ ಓದಬಹುದು. ಯಾವ ಮನೆಯಲ್ಲಿ ಮುದುಕಿಯೊಬ್ಬಳೇ ಇರುತ್ತಾಳೆಂಬುದು ದೋಣಿಯವನಿಗೂ ಬೇಕು, ಕಳ್ಳನಿಗೂ ಬೇಕು. ಅದರ ಬದಲು ಪ್ರತಿಯೊಂದು ಮನೆಯವರು ತಾವೇ ಆರಿಸಿಕೊಂಡ ಎರಡು ಮನೆಗಳಿಗೆ ಹೇಳಿಡಲಿ: ರಾತ್ರಿ ನೀರು ಬಂದರೆ ಅವ್ವನನ್ನು ನೀವು ಎತ್ತಿಕೊಳ್ಳಬೇಕು, ಕೀಲಿ ಇಲ್ಲಿದೆ, ಎಮ್ಮೆಯ ಹಗ್ಗ ಹೀಗೆ ಬಿಚ್ಚುತ್ತದೆ. ಆ ಎರಡು ಮನೆಗಳಲ್ಲಿ ಒಂದಾದರೂ ಎತ್ತರದ ಕಡೆ ಇರಲಿ. ಇನ್ನೊಂದು ನಮ್ಮ ಜಾತಿಯದೇ ಆಗಬೇಕೆಂಬ ನಿಯಮ ಬೇಡ.