ಕಲಿತದ್ದು ಯಾರ ಸ್ವತ್ತು?

ಇಲ್ಲಿಯೇ ಇಂಜಿನಿಯರಿಂಗ್ ಓದುತ್ತಿರುವ ನನ್ನ ಅಕ್ಕನ ಮಗ ಮೊದಲ ಸೆಮಿಸ್ಟರಿನ ಗಣಿತದಲ್ಲಿ ನಪಾಸಾದ. "ಮಾವ, ಈ ಕ್ಯಾಲ್ಕುಲಸ್ ನನ್ನ ತಲೆಗೆ ಹತ್ತುವುದಿಲ್ಲ" ಎಂದು ಅವನು ತಲೆ ತಗ್ಗಿಸಿದಾಗ ನನಗೆ ನನ್ನದೇ ಹಳೆಯ ತಪ್ಪೊಂದು ನೆನಪಾಯಿತು.

ಬಿ.ಎಸ್ಸಿ. ಓದುವಾಗ ಹಾಸ್ಟೆಲಿನಲ್ಲಿ ನನ್ನ ಕೋಣೆಯ ಗೆಳೆಯ ಒಂದು ರಾತ್ರಿ ಲಿಮಿಟ್ ಎಂದರೇನೆಂದು ಕೇಳಿ, ನನ್ನ ನೋಟ್ಸ್ ಬೇಡಿದ. ಪೆಟ್ಟಿಗೆಯಲ್ಲಿದ್ದರೂ ಇಲ್ಲವೆಂದೆ. ಅವನು ಫೇಲಾಗಿ ಊರಿಗೆ ಹೊರಟುಹೋದ. ಅದು ನನ್ನಿಂದಲೇ ಆಯಿತೆಂದು ಹೇಳಲಾರೆ, ಆಗಲಿಲ್ಲವೆಂದೂ ಹೇಳಲಾರೆ. ನನಗೇನೋ ಮೊದಲ ದರ್ಜೆ ಬಂತು. ಆದರೆ ಸೂತ್ರಗಳು ಬಾಯಿಗೆ ಬಂದಿದ್ದವೇ ಹೊರತು ಲಿಮಿಟ್ಟಿನ ಅರ್ಥ ನನಗೂ ತಿಳಿದಿರಲಿಲ್ಲ. ಅಂದು ಅವನಿಗೆ ವಿವರಿಸಲು ಕುಳಿತಿದ್ದರೆ ನನ್ನ ಅಜ್ಞಾನ ನನಗೇ ಗೊತ್ತಾಗುತ್ತಿತ್ತು.

ವಿದ್ಯೆ ಕೊಟ್ಟಷ್ಟೂ ಹೆಚ್ಚುತ್ತದೆಂದು ನಾವೆಲ್ಲ ಹೇಳುತ್ತೇವೆ. ಪರೀಕ್ಷೆ ಹತ್ತಿರ ಬಂದರೆ ಮಾತ್ರ ಪೆಟ್ಟಿಗೆಗೆ ಬೀಗ ಹಾಕುತ್ತೇವೆ. ಸ್ಪರ್ಧೆಯ ಕಾಲದಲ್ಲಿ ಇದು ಜಾಣತನವಲ್ಲವೇ ಎಂದು ಕೆಲವರು ಕೇಳಬಹುದು.

1970ರ ದಶಕದಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಯೂರಿ ಟ್ರೈಸ್‌ಮನ್ ಎಂಬುವರು, ಕ್ಯಾಲ್ಕುಲಸ್ಸಿನಲ್ಲಿ ಕಪ್ಪು ಜನಾಂಗದ ವಿದ್ಯಾರ್ಥಿಗಳು ಹೆಚ್ಚಾಗಿ ಸೋಲುವುದೇಕೆ, ಚೀನೀ ಮೂಲದವರು ಗೆಲ್ಲುವುದೇಕೆ ಎಂದು ಹತ್ತಿರದಿಂದ ಗಮನಿಸಿದರು. ಶ್ರಮದ ಕೊರತೆಯೋ ಮನೆಯವರ ಉದಾಸೀನವೋ ಎಂಬ ಊಹೆಗಳು ನಿಲ್ಲಲಿಲ್ಲ. ಸೋತವರು ಒಂಟಿಯಾಗಿ ಓದುತ್ತಿದ್ದರು. ಗೆದ್ದವರು ಮೊದಲು ತಾವೇ ಲೆಕ್ಕ ಬಿಡಿಸಿ, ಆಮೇಲೆ ಒಟ್ಟಿಗೆ ಕುಳಿತು ತಪ್ಪು ತಿದ್ದಿಕೊಳ್ಳುತ್ತಿದ್ದರು. ಟ್ರೈಸ್‌ಮನ್ ಹಿಂದುಳಿದವರಿಗೆಂದು ಸುಲಭ ಪಾಠ ಏರ್ಪಡಿಸಲಿಲ್ಲ. ಗುಂಪಾಗಿ ಬಿಡಿಸಲು ಕಠಿಣ ಲೆಕ್ಕಗಳನ್ನೇ ಕೊಟ್ಟರು. ಫಲಿತಾಂಶ ಬಹಳ ಸುಧಾರಿಸಿತು. ಇದು ನಕಲಲ್ಲ, ತಾನು ಮೊದಲು ಬೆವರು ಸುರಿಸದವನಿಗೆ ಈ ಗುಂಪಿನಲ್ಲಿ ಹೇಳಲು ಏನೂ ಇರುವುದಿಲ್ಲ.

ಅಷ್ಟು ದೂರವೇಕೆ? ಕಾಲೇಜು ಪರೀಕ್ಷೆಯಲ್ಲಿ ಸೋತಿದ್ದ ಶ್ರೀನಿವಾಸ ರಾಮಾನುಜನ್ 1912ರಲ್ಲಿ ನಮ್ಮ ಮದರಾಸಿನ ಪೋರ್ಟ್ ಟ್ರಸ್ಟಿನಲ್ಲಿ ತಿಂಗಳಿಗೆ 30 ರೂಪಾಯಿಯ ಗುಮಾಸ್ತರಾದರು. ಮೇಲಧಿಕಾರಿ ನಾರಾಯಣ ಅಯ್ಯರ್ ಸ್ವತಃ ಗಣಿತ ಬಲ್ಲವರು. ಸಂಜೆಯ ಮೇಲೆ ಇಬ್ಬರೂ ಸ್ಲೇಟು ಹಿಡಿದು ಕೂರುತ್ತಿದ್ದರು. ಇತರರಿಗೂ ತಿಳಿಯುವಂತೆ ನಡುವಿನ ಹಂತಗಳನ್ನೂ ಬರೆಯಬೇಕೆಂದು ಅಯ್ಯರ್ ಒತ್ತಾಯಿಸುತ್ತಿದ್ದರಂತೆ. ಅಂತಹ ಮೇಧಾವಿಗೂ ಎದುರಿಗೆ ಕುಳಿತು ಕೇಳುವವರೊಬ್ಬರು ಬೇಕಾಗಿತ್ತು.

ಪರೀಕ್ಷೆಯ ಕೊಠಡಿಯಲ್ಲಿ ಒಬ್ಬೊಬ್ಬರೇ ಇರಬೇಕು, ನಿಜ. ಅದರ ಹಿಂದಿನ ರಾತ್ರಿಗಳಲ್ಲೂ ಒಂಟಿಯಾಗಿರಬೇಕೆಂದು ಯಾವ ನಿಯಮವೂ ಇಲ್ಲ.

ಈಗ ಭಾನುವಾರಗಳಂದು ಅಕ್ಕನ ಮಗ ಮತ್ತು ಅವನ ಮೂವರು ಸಹಪಾಠಿಗಳು ನಮ್ಮ ಊಟದ ಮೇಜಿನ ಸುತ್ತ ಕುಳಿತು ತಮಿಳು, ಕನ್ನಡ ಬೆರೆಸಿ ವಾದಿಸುತ್ತಾರೆ. ನಾನು ಕಾಫಿ ತಂದಿಟ್ಟು ಪಕ್ಕದಲ್ಲಿ ಕೂರುತ್ತೇನೆ. ಅಂದು ನನಗೆ ಅರ್ಥವಾಗದ ಲಿಮಿಟ್ ಈಗ ಸ್ವಲ್ಪ ಸ್ವಲ್ಪವಾಗಿ ತಿಳಿಯುತ್ತಿದೆ. ಆ ಗೆಳೆಯ ಎಲ್ಲಿದ್ದಾನೋ, ಗೊತ್ತಿಲ್ಲ.