ವಿದ್ಯೆಯ ಬಾಗಿಲು ಮತ್ತು ಪದವಿಯ ತೂಕ

ಸಮಾನಾವಕಾಶವೆಂದರೆ ಎಲ್ಲರಿಗೂ ಒಂದೇ ಬಗೆಯ ಏರ್ಪಾಡನ್ನು ಮಾಡುವುದೆಂದು ಸಾಮಾನ್ಯವಾಗಿ ತಿಳಿಯುವುದುಂಟು. ಬೆಳಗಿನ ಹತ್ತು ಗಂಟೆಗೆ ಕಾಲೇಜಿನ ಬಾಗಿಲು ತೆರೆಯುವುದು. ಅರ್ಹರಾದವರನ್ನು ಯಾರೂ ತಡೆಯರು. ಆದುದರಿಂದ ಅಲ್ಲಿ ಪಕ್ಷಪಾತವಿಲ್ಲವೆಂಬುದು ವಾದ. ಆದರೆ ಆ ಹತ್ತು ಗಂಟೆಯು ಎಲ್ಲರ ಪಾಲಿಗೂ ಒಂದೇ ಅಲ್ಲ. ತಂದೆಯ ಗಳಿಕೆಯಲ್ಲಿ ಓದುವ ತರುಣನಿಗೆ ಅದು ಪಾಠದ ವೇಳೆ; ಗಿರಣಿಯ ಕೆಲಸಗಾರನಿಗೆ ಕೂಲಿಯ ವೇಳೆ; ಎಳೆಯ ಮಕ್ಕಳ ತಾಯಿಗೆ ಗೃಹಕೃತ್ಯದ ವೇಳೆ. ಇಂಥವರಿಗೆ ತೆರೆದ ಬಾಗಿಲೂ ಮುಚ್ಚಿದಂತೆಯೇ ಸರಿ.

ಲಂಡನ್ ವಿಶ್ವವಿದ್ಯಾನಿಲಯವು 1858ರಲ್ಲಿ ಈ ಕಟ್ಟನ್ನು ಸಡಿಲಿಸಿತು. ಗೊತ್ತಾದ ಕಾಲೇಜುಗಳಲ್ಲಿಯೇ ಓದಿರಬೇಕೆಂಬ ನಿಯಮವನ್ನು, ವೈದ್ಯಶಾಸ್ತ್ರವೊಂದನ್ನುಳಿದು, ಕೈಬಿಟ್ಟಿತು. ಎಲ್ಲಿ ಓದಿದವನಾದರೂ ಅದರ ಪರೀಕ್ಷೆಗೆ ಕುಳಿತುಕೊಳ್ಳಬಹುದಾಯಿತು. ಆದರೂ ಆ ಅವಕಾಶವು ಗಂಡಸರದಾಗಿತ್ತು. ಹೆಂಗಸರು ಪದವಿಗಾಗಿ 1878ರವರೆಗೆ ಕಾಯಬೇಕಾಯಿತು. ಇನ್ನೊಂದು ಕೊರತೆಯೂ ಉಳಿಯಿತು. ಪರೀಕ್ಷೆಯು ತೆರೆಯಿತೇ ಹೊರತು ಪಾಠವು ತೆರೆಯಲಿಲ್ಲ. ಒಂಟಿಯಾಗಿ ಓದುವವನಿಗೆ ಸಂಶಯವನ್ನು ಬಿಡಿಸುವವರಿರಲಿಲ್ಲ.

ಬ್ರಿಟನ್ನಿನಲ್ಲಿ 1969ರಲ್ಲಿ ಸನ್ನದು ಪಡೆದು, 1971ರಲ್ಲಿ ಪಾಠವನ್ನಾರಂಭಿಸಿದ ಮುಕ್ತ ವಿಶ್ವವಿದ್ಯಾನಿಲಯವು ಈ ಕೊರತೆಯನ್ನು ನೀಗಲೆಳಸಿತು. ಪುಸ್ತಕಗಳು ಅಂಚೆಯಲ್ಲಿ ಬಂದವು. ರೇಡಿಯೋ ಟೆಲಿವಿಷನ್ನುಗಳಲ್ಲಿ ವ್ಯಾಖ್ಯಾನಗಳು ನಡೆದವು. ಬರೆದು ಕಳುಹಿದುದನ್ನು ತಿದ್ದಿ ಹಿಂದಿರುಗಿಸಲು ಅಧ್ಯಾಪಕರು ನೇಮಕವಾದರು. ಸೇರುವವರಿಂದ ಹಿಂದಿನ ಪರೀಕ್ಷೆಯ ಅರ್ಹತೆಯನ್ನು ಅದು ಕೇಳಲಿಲ್ಲ. ಆದರೆ ಪದವಿಗೆ ಬೇಕಾದ ಪರೀಕ್ಷೆಯನ್ನು ಬಿಟ್ಟುಕೊಡಲಿಲ್ಲ. ಮಟ್ಟವನ್ನು ಕಾಯಲು ಇತರ ವಿಶ್ವವಿದ್ಯಾನಿಲಯಗಳ ಪರೀಕ್ಷಕರನ್ನು ಕರೆಯಿಸಿಕೊಂಡಿತು. ನಮ್ಮಲ್ಲಿಯೂ ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿ ಅಂಚೆಯ ಮೂಲಕ ಪಾಠ ಹೇಳತೊಡಗಿತು. ಆ ಬೇರಿನಿಂದಲೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವು ಹುಟ್ಟಿತು.

ಹೀಗೆ ಸಡಿಲಿಸಿದರೆ ವಿದ್ಯೆಯು ಅಗ್ಗವಾಗದೆ ಎಂದು ಕೆಲವರು ಆಕ್ಷೇಪಿಸುವರು. ಆಕ್ಷೇಪವು ತಳ್ಳಿಹಾಕತಕ್ಕದ್ದಲ್ಲ. ಆದರೆ ಇಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಬೇಕು. ಕಾಲ, ಸ್ಥಳ, ಪ್ರವೇಶ ಇವನ್ನು ಸಡಿಲಿಸುವುದು ನ್ಯಾಯ. ಜ್ಞಾನದ ಮಟ್ಟವನ್ನು ಇಳಿಸುವುದು ಕೇವಲ ದಯೆ. ದಯೆಯಿಂದ ಬಂದ ಪದವಿಯನ್ನು ಲೋಕವು ಎರಡನೆಯ ದರ್ಜೆಯದೆಂದು ಎಣಿಸುವುದು. ಆಗ ಬಡವನಿಗೆ ದೊರೆತದ್ದು ಸಮಾನತೆಯ ಹೆಸರೇ ಹೊರತು ಸಮಾನತೆಯಲ್ಲ.

ಇದಕ್ಕಿಂತ ಸೂಕ್ಷ್ಮವಾದ ಅಪಾಯವೊಂದುಂಟು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ವ್ಯಾಸಂಗದ ನಡುವೆ ಹೊರಡುವ ದಾರಿಗಳನ್ನು ಸೂಚಿಸಿತು: ಒಂದು ವರ್ಷಕ್ಕೆ ಪ್ರಮಾಣಪತ್ರ, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ. ಹೊರಟವರು ಮರಳಿ ಬರಬಹುದೆಂದೂ ಹೇಳಿತು. ಓದಿದ ಒಂದು ವರ್ಷವು ವ್ಯರ್ಥವಾಗಬಾರದೆಂಬ ಉದ್ದೇಶವು ಒಳ್ಳೆಯದೇ. ಆದರೆ ಮೊದಲನೆಯ ಬಾಗಿಲಿನಲ್ಲಿ ಹೊರಡುವವರು ಯಾರು? ಮನೆಯಲ್ಲಿ ಅನುಕೂಲವುಳ್ಳವನು ಹೊರಟರೆ ಅದು ಅವನ ಆಯ್ಕೆ. ಶುಲ್ಕಕ್ಕೆ ಹಣವಿಲ್ಲದೆಯೋ, ಮದುವೆಯ ಒತ್ತಾಯದಿಂದಲೋ ಹೊರಡುವವಳಿಗೆ ಅದು ಮೊಹರು ಹಾಕಿದ ವಂಚನೆ. ಮರಳುವ ಹಕ್ಕು ಕಾಗದದಲ್ಲಿದ್ದರೆ ಸಾಲದು. ಮರಳುವ ಶಕ್ತಿಯನ್ನೂ ಸಮಾಜವು ಒದಗಿಸಬೇಕು. ವಿದ್ಯಾರ್ಥಿವೇತನ, ಕೆಲಸದಿಂದ ರಜೆ, ಊರಿಗೆ ಹತ್ತಿರದ ಪುಸ್ತಕಭಂಡಾರ, ಮಾತನಾಡಿಸುವ ಗುರು ಇವಿಲ್ಲದ ಸ್ವಾತಂತ್ರ್ಯವು ಹೊರದೂಡುವುದರ ಸೌಮ್ಯವಾದ ಹೆಸರು.

ರಾಶಿಯ ಕಣದಲ್ಲಿ ಕೊಳಗವು ಎಲ್ಲರಿಗೂ ಒಂದೇ. ಆದರೆ ಅದನ್ನು ತುಂಬಲು ಒಬ್ಬನಿಗೆ ಒಂದು ದಿನವೂ ಇನ್ನೊಬ್ಬನಿಗೆ ನಾಲ್ಕು ದಿನವೂ ಹಿಡಿದೀತು. ನಿಧಾನವಾದವನಿಗಾಗಿ ಕೊಳಗವನ್ನು ಕಿರಿದು ಮಾಡುವುದು ಅವನಿಗೆ ಅವಮಾನ. ಕಣವನ್ನು ಬೇಗ ಮುಚ್ಚುವುದು ಅವನಿಗೆ ಅನ್ಯಾಯ. ಉನ್ನತ ವಿದ್ಯಾಭ್ಯಾಸವನ್ನು ನಡೆಯಿಸುವವರು ಈ ಎರಡರಿಂದಲೂ ದೂರವಿರತಕ್ಕದ್ದು.